ಬೇಲಿ ಮತ್ತು ಸಮಾಂತರ ರೇಖೆಗಳು

ನನ್ನ ಬರಹಗಳನ್ನು ಓದುತ್ತ ಬಂದಿರುವ ಮಿತ್ರರಿಗೆ ನಾನು ಗಣಿತದ ಮೇಷ್ಟ್ರಾಗಿದ್ದವನು ಎಂಬುದು ಗೊತ್ತು. ನಿವೃತ್ತಿಯ ನಂತರ ಮರಗೆಲಸದ ಹುಚ್ಚು ಹತ್ತಿಸಿಕೊಂಡವನು ಎಂಬುದು ಗೊತ್ತಿರಲಾರದು. ಉಳಿ, ಗರಗಸಗಳನ್ನು ಹಿಡಿದೊಡನೆ ಯಾರೂ ಬಡಗಿಯಾಗುವುದಿಲ್ಲ; ಆ ಸಂಕೋಚದಿಂದಲೇ ಇಷ್ಟು ದಿನ ಈ ವಿಷಯವನ್ನು ಎತ್ತಿರಲಿಲ್ಲ. ಸಂಕೋಚಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳಬೇಕೆಂದೇ ಇಂದು ಬರೆಯಲು ಕುಳಿತಿದ್ದೇನೆ.

2019ರ ಮೇ ತಿಂಗಳಲ್ಲಿ ನಾನು ಸೇವೆಯಿಂದ ನಿವೃತ್ತನಾದೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮಲೆನಾಡನ್ನು ನಡುಗಿಸಿದ ಮಳೆಯಲ್ಲಿ ನಮ್ಮ ಹಿತ್ತಲಿನ ಹಲಸಿನ ಮರ ಬುಡಸಮೇತ ಉರುಳಿತು. ನನ್ನ ತಂದೆಯವರು ನೆಟ್ಟ ಮರ. ಸೌದೆ ಮಾಡಲು ಮನಸ್ಸು ಬಾರದೆ ದಿಮ್ಮಿಯನ್ನು ಸಾಮಿಲ್ಲಿಗೆ ಸಾಗಿಸಿ ಹಲಗೆಗಳನ್ನಾಗಿ ಕೊಯ್ಯಿಸಿ, ನಡುವೆ ರೀಪುಗಳನ್ನಿಟ್ಟು ಗಾಳಿಯಾಡುವಂತೆ ಕೊಟ್ಟಿಗೆಯಲ್ಲಿ ಪೇರಿಸಿದೆ. ಎರಡು ವರ್ಷ ಆರಲಿ, ಆಮೇಲೆ ಪುಸ್ತಕದ ಕಪಾಟು ಮಾಡಿಸೋಣ ಎಂಬುದು ಯೋಚನೆ. ಅಷ್ಟರಲ್ಲಿ ಕೊರೋನಾ ಬಂತು. ಮನೆಯಲ್ಲಿ ಕುಳಿತು ಬೇಸತ್ತ ನನಗೆ ಕಪಾಟನ್ನು ‘ಮಾಡಿಸುವ’ ಬದಲು ‘ಮಾಡುವ’ ಬುದ್ಧಿ ಬಂದದ್ದು ಆಗಲೇ. 2021ರ ಕೊನೆಯಲ್ಲಿ, ಬೆಂಗಳೂರಿನಲ್ಲಿರುವ ಮಗನ ಸಹಾಯದಿಂದ, ಹತ್ತು ಇಂಚು ಬ್ಲೇಡಿನ ಒಂದು ಟೇಬಲ್ ಸಾ ನಮ್ಮ ಕೊಟ್ಟಿಗೆಗೆ ಬಂದಿಳಿಯಿತು.

ಟೇಬಲ್ ಸಾ ಎಂದರೆ ಹೆಸರೇ ಹೇಳುವಂತೆ ಮೇಜಿನಲ್ಲಿ ಹುದುಗಿಸಿದ ಚಕ್ರಗರಗಸ. ಮೋಟಾರು ಅಡಿಯಲ್ಲಿರುತ್ತದೆ, ಬ್ಲೇಡಿನ ಮೇಲ್ಭಾಗ ಮಾತ್ರ ಮೇಜಿನ ಸೀಳಿನಿಂದ ತಲೆಯೆತ್ತಿರುತ್ತದೆ. ಕೈಗರಗಸದಲ್ಲಿ ಮರ ನಿಂತಿರುತ್ತದೆ, ಗರಗಸ ಚಲಿಸುತ್ತದೆ. ಇಲ್ಲಿ ಗರಗಸ ನಿಂತಲ್ಲೇ ತಿರುಗುತ್ತಿರುತ್ತದೆ, ಮರವನ್ನು ನಾವು ಅದರತ್ತ ತಳ್ಳಬೇಕು. ತಳ್ಳುವ ಕೈ ಅತ್ತಿತ್ತ ಓಲಾಡಬಾರದಲ್ಲ? ಅದಕ್ಕಾಗಿ ಬ್ಲೇಡಿನ ಬಲಕ್ಕೆ, ಅದಕ್ಕೆ ಸಮಾಂತರವಾಗಿ, ಉದ್ದನೆಯ ಲೋಹದ ಪಟ್ಟಿಯೊಂದು ಇರುತ್ತದೆ. ಹಲಗೆಯ ಅಂಚನ್ನು ಅದಕ್ಕೆ ಒತ್ತಿ ಹಿಡಿದು ಮುಂದಕ್ಕೆ ನೂಕಿದರೆ, ಬ್ಲೇಡಿಗೂ ಪಟ್ಟಿಗೂ ಎಷ್ಟು ಅಂತರವಿದೆಯೋ ಅಷ್ಟೇ ಅಗಲದ ತುಂಡು ಹೊರಬರುತ್ತದೆ. ಈ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಫೆನ್ಸ್’, ಅಂದರೆ ಬೇಲಿ ಎಂದು ಹೆಸರು. ನಮ್ಮ ಕಡೆಯ ಕೆಲಸಗಾರರು ‘ಗೈಡು’ ಎನ್ನುತ್ತಾರೆ. ಎರಡೂ ಹೆಸರು ಸರಿಯೇ. ಮರವನ್ನು ದಾರಿತಪ್ಪದಂತೆ ಕಾಯುವುದರಿಂದ ಬೇಲಿ. ದಾರಿ ತೋರುವುದರಿಂದ ಗೈಡು.

ನಾರಿನ ಉದ್ದಕ್ಕೆ ಸೀಳುವಾಗ ಈ ಬೇಲಿ ಬೇಕು. ನಾರಿಗೆ ಅಡ್ಡವಾಗಿ ಕತ್ತರಿಸುವಾಗ ಬೇರೊಂದು ಬೇಲಿ. ಮೇಜಿನ ಮೇಲೆ ಬ್ಲೇಡಿನ ಪಕ್ಕದಲ್ಲಿ ಉದ್ದಕ್ಕೂ ಕೊರೆದಿರುವ ಒಂದು ಜಾಡು ಇದೆ. ಆ ಜಾಡಿನಲ್ಲಿ ಜಾರುವ ಮೈಟರ್ ಗೇಜಿಗೆ ಹಲಗೆಯನ್ನು ಒರಗಿಸಿ ತಳ್ಳಬೇಕು. ಮೊದಲನೆಯ ಬೇಲಿ ಬ್ಲೇಡಿಗೆ ಸಮಾಂತರವಾಗಿರಬೇಕು, ಎರಡನೆಯದು ಲಂಬವಾಗಿರಬೇಕು. ಸಮಾಂತರ ಮತ್ತು ಲಂಬ! ಮೂವತ್ತೈದು ವರ್ಷ ನಾನು ಕರಿಹಲಗೆಯ ಮೇಲೆ ಎಳೆದದ್ದೇ ಇವೆರಡನ್ನು. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ‘ಬಳಸುವ ಮುನ್ನ ಫೆನ್ಸನ್ನು ಹೊಂದಿಸಿಕೊಳ್ಳಿ’ ಎಂಬ ಅಧ್ಯಾಯವಿತ್ತು. ಇದನ್ನೇನು ನನಗೆ ಹೇಳುವುದು ಎಂದು ಪುಟ ಮಗುಚಿದೆ.

ನಾನು ಮಾಡುತ್ತಿದ್ದುದು ಇಷ್ಟೇ. ಬ್ಲೇಡಿನ ಮುಂಭಾಗದ ಹಲ್ಲಿನಿಂದ ಬೇಲಿಗೆ ಟೇಪು ಹಿಡಿದು ಅಳೆಯುವುದು, ಬೇಕಾದ ಅಳತೆ ಬಂದೊಡನೆ ಹಿಡಿಯನ್ನು ಒತ್ತಿ ಬೇಲಿಯನ್ನು ಬಿಗಿಯುವುದು. ಮುಂದೆ ಸರಿಯಿದ್ದ ಮೇಲೆ ಹಿಂದೆಯೂ ಸರಿಯಿರಲೇಬೇಕು ಎಂಬ ನಂಬಿಕೆ. ನಾಲ್ಕೈದು ತಿಂಗಳು ಹೀಗೆಯೇ ನಡೆಯಿತು. ಕೊಯ್ದ ಅಂಚುಗಳಲ್ಲಿ ಆಗಾಗ ಸುಟ್ಟ ಕಪ್ಪು ಗುರುತು ಕಾಣುತ್ತಿತ್ತು. ಹಲಸಿನ ಮರದಲ್ಲಿ ಅಂಟು ಹೆಚ್ಚು, ಅದಕ್ಕೇ ಇರಬೇಕು ಎಂದು ಮರದ ಮೇಲೆ ತಪ್ಪು ಹೊರಿಸಿದೆ. ಹಲಗೆ ಕೆಲವೊಮ್ಮೆ ಬ್ಲೇಡಿನ ಬಳಿ ಬಿಗಿದಂತಾಗಿ ಮೋಟಾರು ನರಳುತ್ತಿತ್ತು. ಕರೆಂಟಿನ ವೋಲ್ಟೇಜು ಕಡಿಮೆ ಎಂದುಕೊಂಡೆ. ಉತ್ತರ ಮೊದಲೇ ತೀರ್ಮಾನವಾಗಿದ್ದರೆ ಲೆಕ್ಕದ ಹಂತಗಳನ್ನು ಹೇಗೆ ಬೇಕಾದರೂ ಹೊಂದಿಸಬಹುದು. ಇದನ್ನು ಮಾಡುತ್ತಿದ್ದ ಮಕ್ಕಳಿಗೆ ನಾನೇ ಅಂಕ ಕಳೆಯುತ್ತಿದ್ದೆ.

2022ರ ಮೇ ತಿಂಗಳು. ಮೊಮ್ಮಗ ಬೇಸಗೆ ರಜೆಗೆ ಬಂದಿದ್ದ. ಆಗ ಅವನಿಗೆ ಎಂಟು ವರ್ಷ. ಅಜ್ಜನ ಯಂತ್ರವನ್ನು ನೋಡಲು ನನ್ನ ಹಿಂದೆ, ಕೊಟ್ಟಿಗೆಯ ಬಾಗಿಲ ಬಳಿ, ಒಂದು ಸ್ಟೂಲಿನ ಮೇಲೆ ಕುಳಿತಿದ್ದ. ದೂರ ಕೂರಿಸಿದ್ದೇನೆ, ಬ್ಲೇಡು ಅವನಿಗೆ ಎಟುಕುವುದಿಲ್ಲ ಎಂಬ ಸಮಾಧಾನ ನನಗೆ. ಕಪಾಟಿನ ಅಡ್ಡಪಟ್ಟಿಗೆಂದು ಮೂರು ಇಂಚು ಅಗಲದ ತುಂಡೊಂದನ್ನು ಸೀಳುತ್ತಿದ್ದೆ. ಕೊಯ್ತ ಮುಗಿಯಲು ಇನ್ನು ಒಂದು ಗೇಣು ಉಳಿದಿತ್ತು. ‘ಢಬ್’ ಎಂಬ ಶಬ್ದವಾಯಿತು. ನನ್ನ ಕೈಯಲ್ಲಿದ್ದ ತುಂಡು ಇರಲಿಲ್ಲ. ಸೊಂಟದ ಬಲಕ್ಕೆ ಯಾರೋ ಬಡಿಗೆಯಿಂದ ಬಾರಿಸಿದಂತಾಗಿ ಬಗ್ಗಿದೆ. ಅದು ನನ್ನನ್ನು ಸವರಿಕೊಂಡು ಹಿಂದಕ್ಕೆ ಹಾರಿ ಬಾಗಿಲಿನ ಹಲಗೆಗೆ ಬಡಿದು ಬಿದ್ದಿತ್ತು. ಬಡಿದ ಜಾಗಕ್ಕೂ ಹುಡುಗ ಕುಳಿತಿದ್ದ ಸ್ಟೂಲಿಗೂ ಎರಡು ಗೇಣು ಅಂತರ. ಆಮೇಲೆ ನಾನೇ ಅಳೆದು ನೋಡಿದೆ. ಅವನು ಅಳಲಿಲ್ಲ. “ಅಜ್ಜಾ, ಅದು ಯಾಕೆ ಹಾರಿತು?” ಎಂದು ಮಾತ್ರ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಸೊಂಟಕ್ಕೆ ಶಾಖ ಕೊಟ್ಟುಕೊಳ್ಳುತ್ತ ಒಂದು ಲೆಕ್ಕ ಮಾಡಿದೆ. ಹತ್ತು ಇಂಚು ಎಂದರೆ 254 ಮಿಲಿಮೀಟರ್. ಅದರ ಪರಿಧಿ ಸುಮಾರು 80 ಸೆಂಟಿಮೀಟರ್. ನನ್ನ ಯಂತ್ರದ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗುತ್ತದೆ. ಅಂದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಗಂಟೆಗೆ 190 ಕಿಲೋಮೀಟರಿಗೂ ಹೆಚ್ಚು. ಆ ಹಲ್ಲು ಹಿಡಿದೆಸೆದ ಮರದ ತುಂಡಿನ ದಾರಿಯಲ್ಲಿ ಎಂಟು ವರ್ಷದ ಮಗುವನ್ನು ಕೂರಿಸಿದ್ದವನು ನಾನು. ಲೆಕ್ಕ ಸರಿಯಾಗಿತ್ತು, ನಿದ್ರೆ ಬರಲಿಲ್ಲ.

ನಮ್ಮ ಪೇಟೆಯ ಬಸ್ ನಿಲ್ದಾಣದ ಹಿಂಭಾಗದಲ್ಲಿ ಒಂದು ಮರಗೆಲಸದ ಶೆಡ್ಡು ಇದೆ. ಅದರ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ವಿದ್ಯಾರ್ಥಿ ಎಂದರೆ ಪೂರ್ತಿ ಸರಿಯಾಗಲಾರದು, ಒಂಬತ್ತನೆಯ ತರಗತಿಯ ಅರ್ಧದಲ್ಲಿಯೇ ಶಾಲೆ ಬಿಟ್ಟವನು. ಯಂತ್ರ ಕೊಳ್ಳುವಾಗ ಅವನನ್ನು ಕೇಳಬಹುದಿತ್ತು, ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ನನಗೆ ಒಳಗೊಳಗೆ ಗೊತ್ತಿತ್ತು. ಮರುದಿನ ಕುಂಟುತ್ತ ಅವನ ಶೆಡ್ಡಿಗೆ ಹೋದೆ. ನಡೆದದ್ದನ್ನು ಕೇಳಿ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು, ಅಂಗಿ ಹಾಕಿಕೊಂಡು, ಮೂಲೆಮಟ್ಟವನ್ನೂ ಒಂದು ವರ್ನಿಯರ್ ಕ್ಯಾಲಿಪರ್ಸನ್ನೂ ಚೀಲಕ್ಕೆ ಹಾಕಿ ನನ್ನ ಜೊತೆಗೇ ಹೊರಟ.

ಕೊಟ್ಟಿಗೆಗೆ ಬಂದವನು ಮೊದಲು ಮಾಡಿದ ಕೆಲಸ ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟದ್ದು. ಸ್ವಿಚ್ಚು ಆರಿಸಿದರೆ ಸಾಲದು, ಬ್ಲೇಡಿಗೆ ಕೈಯಿಡುವಾಗ ಪ್ಲಗ್ಗು ಕಣ್ಣೆದುರು ಬಿದ್ದಿರಬೇಕು ಎಂದ. ಆಮೇಲೆ ಬೇಲಿಯನ್ನು ಸರಿಸಿ ಬಿಗಿದು, ಬಗ್ಗಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. ಅಳತೆಪಟ್ಟಿಯನ್ನೂ ಮುಟ್ಟಿರಲಿಲ್ಲ.

“ಸಾರ್, ಮುಂದೆ ಸರಿಯಾಗೇ ಇದೆ. ಹಿಂದೆ ಎರಡೂ ಸೇರ್ತಾ ಇವೆ.”

ಓದುಗರೇ, ಈ ಮಾತು ಕೇಳಿ ನನಗೆ ಸೊಂಟದ ಪೆಟ್ಟಿಗಿಂತ ಬಲವಾದ ಪೆಟ್ಟು ಬಿದ್ದಂತಾಯಿತು. ಯಾಕೆಂದು ಹೇಳಲು 1994ಕ್ಕೆ ಹೋಗಬೇಕು.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ಸಮಾಂತರ ರೇಖೆಗಳ ಪಾಠ ನಡೆದಿತ್ತು. ಒಂದೇ ಸರಳರೇಖೆಗೆ ಸಮಾಂತರವಾಗಿರುವ ರೇಖೆಗಳು ಪರಸ್ಪರ ಸಮಾಂತರವಾಗಿರುತ್ತವೆ. ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಮೊದಲನೆಯ ಪುಸ್ತಕದಲ್ಲಿ ಇದು ಮೂವತ್ತನೆಯ ಪ್ರಮೇಯ. ಈ ಹುಡುಗನನ್ನು ಹಲಗೆಯ ಬಳಿಗೆ ಕರೆದು ಸಾಧಿಸಲು ಹೇಳಿದೆ. ಅವನು ಮೂರು ಗೆರೆ ಎಳೆದ, ಸೊಟ್ಟಗಿದ್ದವು. ಛೇದಕವನ್ನು ಎಳೆಯಲಿಲ್ಲ, ಅನುರೂಪ ಕೋನಗಳನ್ನು ಹೆಸರಿಸಲಿಲ್ಲ. “ಸಾಧಿಸೋದು ಯಾಕೆ ಸಾರ್, ನಡುವಿನ ಗೆರೆಯಿಂದ ಎರಡು ಕಡೆ ಅಳೆದು ನೋಡಿದ್ರೆ ಗೊತ್ತಾಗುತ್ತಲ್ಲ?” ಎಂದ. ತರಗತಿ ನಕ್ಕಿತು. ಉದ್ಧಟತನವೆಂದು ನನಗೆ ಸಿಟ್ಟು ಬಂತು. “ನಿನ್ನ ತಲೆಯೊಳಗೆ ಹೋದರೆ ಸಮಾಂತರ ರೇಖೆಗಳೂ ಒಂದಕ್ಕೊಂದು ಸೇರಿಬಿಡುತ್ತವೆ ಕಣೋ” ಎಂದೆ. ಈಗ ತರಗತಿ ಇನ್ನೂ ಜೋರಾಗಿ ನಕ್ಕಿತು. ಆ ಮಾತು ನನಗೆ ಬಹಳ ಚೆನ್ನಾಗಿದೆ ಎನಿಸಿ ಮುಂದಿನ ಕೆಲವು ವರ್ಷ ಬೇರೆ ತರಗತಿಗಳಲ್ಲಿಯೂ ಬಳಸಿದ್ದುಂಟು. ಹದಿನೈದೋ ಇಪ್ಪತ್ತೋ ದಿನಗಳಲ್ಲಿ ಅವನು ಶಾಲೆಗೆ ಬರುವುದನ್ನು ಬಿಟ್ಟ. ಮನೆಯ ಕಷ್ಟವಿರಬೇಕೆಂದು ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೆರೆ ಎಳೆದೆ.

ಇದಿರಲಿ, ಬೇಲಿಯ ವಿಷಯಕ್ಕೆ ಬರುತ್ತೇನೆ. ಮರ ಹಾರಿದ್ದು ಏಕೆಂದು ಅವನು ಬ್ಲೇಡನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ ತೋರಿಸಿದ. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಮುಖವಾಗಿ ಚಲಿಸುತ್ತವೆ, ಮರವನ್ನು ಮೇಜಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಜಿನ ಅಡಿಯಿಂದ ಮೇಲಕ್ಕೇಳುತ್ತವೆ. ಬೇಲಿಯ ಹಿಂತುದಿ ಬ್ಲೇಡಿನತ್ತ ವಾಲಿದ್ದರೆ, ಮುಂದೆ ಹೋದಂತೆಲ್ಲ ಮರಕ್ಕೆ ದಾರಿ ಕಿರಿದಾಗುತ್ತದೆ. ಅದು ಬೇಲಿಗೂ ಹಿಂಭಾಗದ ಹಲ್ಲುಗಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮೇಲೇಳುವ ಹಲ್ಲು ಅದನ್ನು ಎತ್ತಿ, ತಾನು ತಿರುಗುವ ದಿಕ್ಕಿಗೆ, ಅಂದರೆ ತಳ್ಳುತ್ತಿರುವವನ ಕಡೆಗೆ ಎಸೆಯುತ್ತದೆ. ಮಾಡುವವನಿಗೆ ಕೈ ಹಿಂತೆಗೆಯಲು ಸಮಯವೇ ಇರುವುದಿಲ್ಲ. ನಾನು ಮರದ ಅಂಟೆಂದು ಭಾವಿಸಿದ್ದ ಸುಟ್ಟ ಗುರುತು, ವೋಲ್ಟೇಜೆಂದು ಭಾವಿಸಿದ್ದ ನರಳಾಟ, ಎರಡೂ ಯಂತ್ರ ಕೊಟ್ಟ ಎಚ್ಚರಿಕೆಗಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಎಷ್ಟೋ ಸಲ ಬಳಸಿದ್ದೇನೆ. ಅದನ್ನು ಹೀಗೆ ಮೈಮೇಲೆ ಅನುಭವಿಸಿದ್ದು ಅದೇ ಮೊದಲು.

“ಹಾಗಾದರೆ ಬೇಲಿಯನ್ನು ಬ್ಲೇಡಿಗೆ ಸರಿಯಾಗಿ ಹೊಂದಿಸೋಣ” ಎಂದೆ. ಅವನು ತಲೆಯಾಡಿಸಿದ. “ಬ್ಲೇಡೇ ಸರಿ ಇದೆ ಅಂತ ಯಾರು ಹೇಳಿದ್ರು ಸಾರ್? ಮೊದಲು ಜಾಡು. ಅದು ಮೇಜಿನಲ್ಲೇ ಕೊರೆದಿರೋದು, ಅಲ್ಲಾಡಲ್ಲ. ಬ್ಲೇಡನ್ನ ಜಾಡಿಗೆ ಹೊಂದಿಸಬೇಕು. ಆಮೇಲೆ ಗೈಡನ್ನೂ ಅದೇ ಜಾಡಿಗೆ ಹೊಂದಿಸಬೇಕು. ಆಗ ಅವೆರಡೂ ತಾವಾಗೇ ಸರಿ ಇರ್ತವೆ.”

ಮೂವತ್ತನೆಯ ಪ್ರಮೇಯ! ನಡುವಿನ ಗೆರೆಯಿಂದ ಎರಡು ಕಡೆಗೂ ಅಳೆದು ನೋಡುವುದು. ಅವನು ಆ ದಿನ ಹೇಳಿದ್ದು ಇದನ್ನೇ. ಸಾಧನೆಯಲ್ಲ, ಒಪ್ಪುತ್ತೇನೆ, ಆದರೆ ಅರ್ಥವಾಗದವನ ಮಾತಂತೂ ಅಲ್ಲ. ಅವನ ಮನೆಯಲ್ಲಿ ತಂದೆ ಪ್ರತಿದಿನ ಮಾಡುತ್ತಿದ್ದ ಕೆಲಸದಿಂದ ಹುಟ್ಟಿದ ಮಾತು. ಮೂರ್ತದಿಂದ ಅಮೂರ್ತದ ಕಡೆಗೆ, ತಿಳಿದುದರಿಂದ ತಿಳಿಯದುದರ ಕಡೆಗೆ ಎಂದು ಬಿ.ಎಡ್. ತರಗತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಪಾಠಯೋಜನೆಯಲ್ಲಿ ಅದನ್ನು ಬರೆದು ಅಂಕವನ್ನೂ ಪಡೆದಿದ್ದೆ.

ಹೊಂದಿಸುವ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ, ನನ್ನಂಥ ಹವ್ಯಾಸಿಗಳಿಗೆ ಉಪಯೋಗವಾದೀತು. ಬ್ಲೇಡನ್ನು ಪೂರ್ತಿ ಮೇಲಕ್ಕೆತ್ತಬೇಕು. ಮುಂಭಾಗದ ಒಂದು ಹಲ್ಲಿಗೆ ಬಣ್ಣದ ಪೆನ್ನಿನಿಂದ ಗುರುತು ಮಾಡಿ, ಜಾಡಿನ ಅಂಚಿನಿಂದ ಆ ಹಲ್ಲಿಗೆ ಎಷ್ಟು ಅಂತರವೆಂದು ಅಳೆಯಬೇಕು. ಆಮೇಲೆ ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ತಂದು ಮತ್ತೆ ಅಳೆಯಬೇಕು. ಅದೇ ಹಲ್ಲು ಏಕೆ? ಯಾವ ಬ್ಲೇಡೂ ಪೂರ್ತಿ ಚಪ್ಪಟೆಯಾಗಿರುವುದಿಲ್ಲ. ಮುಂದೊಂದು ಹಲ್ಲು, ಹಿಂದೊಂದು ಹಲ್ಲು ಅಳೆದರೆ ಬ್ಲೇಡಿನ ಸ್ವಂತ ಡೊಂಕೂ ಅಳತೆಯಲ್ಲಿ ಸೇರಿಬಿಡುತ್ತದೆ. ಒಂದೇ ಹಲ್ಲನ್ನು ಎರಡೂ ಕಡೆ ಅಳೆದರೆ ಆ ಡೊಂಕು ಕಳೆದುಹೋಗಿ, ಬ್ಲೇಡು ನಿಂತಿರುವ ದಿಕ್ಕು ಮಾತ್ರ ಉಳಿಯುತ್ತದೆ. ನನ್ನ ಯಂತ್ರದಲ್ಲಿ ಈ ಎರಡು ಅಳತೆಗಳ ನಡುವೆ 0.3 ಮಿಲಿಮೀಟರ್ ವ್ಯತ್ಯಾಸವಿತ್ತು. ಮೇಜಿನ ಅಡಿಯಲ್ಲಿ ಬ್ಲೇಡಿನ ಚೌಕಟ್ಟನ್ನು ಹಿಡಿದಿರುವ ನಾಲ್ಕು ಬೋಲ್ಟುಗಳಲ್ಲಿ ಮೂರನ್ನು ಸಡಿಲಿಸಿ, ಒಂದನ್ನು ಹಾಗೆಯೇ ಬಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಅದನ್ನು ಕೂದಲೆಳೆಯಷ್ಟಕ್ಕೆ ಇಳಿಸಿದ. ಬೋಲ್ಟು ಬಿಗಿಯುವಾಗ ಅಳತೆ ಮತ್ತೆ ಸರಿಯುತ್ತದೆ. ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು.

ಮುಂದಿನದು ಬೇಲಿ. ನನ್ನ ಯಂತ್ರದ ಬೇಲಿಯನ್ನು ಮುಂಭಾಗದ ಕಂಬಿಯಲ್ಲಿ ಮಾತ್ರ ಬಿಗಿಯುತ್ತೇವೆ, ಹಿಂತುದಿ ಸ್ವತಂತ್ರವಾಗಿ ಚಾಚಿಕೊಂಡಿರುತ್ತದೆ. ಅಡ್ಡತಲೆಗೂ ಉದ್ದಪಟ್ಟಿಗೂ ಇರುವ ಲಂಬಕೋನವೇ ಇಡೀ ಬೇಲಿಯನ್ನು ನೇರವಾಗಿ ನಿಲ್ಲಿಸಬೇಕು. ಅಲ್ಲಿನ ಸ್ಕ್ರೂಗಳು ಸಡಿಲಗೊಂಡರೆ ಮುಂದೆ ಏನೂ ಕಾಣುವುದಿಲ್ಲ, ಹಿಂದೆ ಅಂತರ ಬದಲಾಗಿರುತ್ತದೆ. ಕೆಲಸ ಮುಗಿದೊಡನೆ ಬೇಲಿಯನ್ನು ಕಿತ್ತು ಗೋಡೆಗೆ ಒರಗಿಸುತ್ತಿದ್ದೆ. ಒಂದೆರಡು ಸಲ ಅದು ಜಾರಿ ಬಿದ್ದದ್ದೂ ಉಂಟು. ಬೇಲಿಯನ್ನು ಜಾಡಿನ ಅಂಚಿಗೆ ತಂದು ಬಿಗಿದು ಅವನು ನನ್ನ ಬೆರಳನ್ನು ಹಿಡಿದು ಸವರಿಸಿದ. ಮುಂದೆ ಎರಡು ಅಂಚುಗಳೂ ಒಂದಾಗಿದ್ದವು. ಹಿಂದೆ ಹೋದಂತೆ ಬೆರಳಿಗೆ ಮೆಟ್ಟಿಲು ತಾಗಿತು. ಒಂದೂವರೆ ಮಿಲಿಮೀಟರ್! ಒಂದೂವರೆ ಮಿಲಿಮೀಟರಿಗೂ ಬಾಗಿಲ ಬಳಿಯ ಎರಡು ಗೇಣಿಗೂ ಇರುವ ಸಂಬಂಧವನ್ನು ನೆನೆದು ನಾನು ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕುಳಿತುಕೊಂಡೆ.

ಸ್ಕ್ರೂ ಸಡಿಲಿಸಿ, ಪಟ್ಟಿಯನ್ನು ಜಾಡಿಗೆ ಹೊಂದಿಸಿ ಮತ್ತೆ ಬಿಗಿದೆವು. ಕೊನೆಯಲ್ಲಿ ಅವನು ಬೇಲಿಯ ಹಿಂತುದಿಯನ್ನು ಒಂದು ಕಾಗದದ ದಪ್ಪದಷ್ಟು, ಅಂದರೆ ಸುಮಾರು 0.1 ಮಿಲಿಮೀಟರ್, ಬ್ಲೇಡಿನಿಂದ ದೂರಕ್ಕೆ ಬಿಟ್ಟ. “ಸರಿಸಮ ಇದ್ರೆ ಒಳ್ಳೇದು. ತಪ್ಪೋದೇ ಆದ್ರೆ ಆ ಕಡೆ ತಪ್ಪಲಿ ಸಾರ್, ಈ ಕಡೆ ತಪ್ಪೋದು ಬೇಡ” ಎಂದ. ಆಮೇಲೆ ಮೂಲೆಮಟ್ಟವಿಟ್ಟು ಬೇಲಿಯ ಮುಖ ಮೇಜಿಗೆ ನೇರವಾಗಿ ನಿಂತಿದೆಯೇ ಎಂದು ಪರೀಕ್ಷಿಸಿ, ತುಂಡೊಂದನ್ನು ಕೊಯ್ದು ಅಳೆದು, ಅಳತೆಪಟ್ಟಿಯ ಮುಳ್ಳನ್ನು ಆ ಅಳತೆಗೆ ಸರಿಸಿದ. ಯಂತ್ರದ ಜೊತೆ ಬಂದಿದ್ದ ರೈವಿಂಗ್ ನೈಫನ್ನು, ಅಡಚಣೆಯೆಂದು ನಾನು ಕಳಚಿ ಡಬ್ಬಿಗೆ ಹಾಕಿದ್ದೆ. ಬ್ಲೇಡಿನ ಹಿಂದೆ ನಿಂತು, ಸೀಳಿದ ಮರ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ಉಕ್ಕಿನ ತಗಡು ಅದು. ಅವನು ಮಾತಾಡದೆ ಡಬ್ಬಿ ಹುಡುಕಿ ಅದನ್ನು ಸ್ವಸ್ಥಾನದಲ್ಲಿ ಕೂರಿಸಿದ.

ನಾನು ಆ ಮಾತನ್ನು ಎತ್ತಿದ್ದು ಆಗ. ಎತ್ತದೆ ಇರಲು ಆಗಲಿಲ್ಲ. “ಒಂಬತ್ತನೇ ಕ್ಲಾಸಿನಲ್ಲಿ ನಾನು ನಿನಗೊಂದು ಮಾತು ಅಂದಿದ್ದೆ, ನೆನಪಿದೆಯೇನಪ್ಪಾ?” ಎಂದು ಕೇಳಿದೆ.

ಅವನು ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. “ನೆನಪಿದೆ ಸಾರ್” ಎಂದ. ಸ್ವಲ್ಪ ತಡೆದು, “ಆಮೇಲೆ ಹುಡುಗರು ಅದೇ ಹೆಸರಲ್ಲಿ ಕರೀತಾ ಇದ್ರು. ಮನೇಲಿ ಅಪ್ಪನಿಗೆ ಹೇಳ್ದೆ, ಇನ್ನು ಹೋಗಲ್ಲ ಅಂತ. ಅಪ್ಪ ಸರಿ ಅಂದ್ರು” ಎಂದ.

ನಾನು ಏನೋ ಹೇಳಲು ಹೊರಟೆ. ತಪ್ಪಾಯಿತು ಎಂದೆನೋ, ತಪ್ಪಾಯಿತಪ್ಪಾ ಎಂದೆನೋ, ಶಬ್ದ ಪೂರ್ತಿ ಹೊರಟಿತೋ ಇಲ್ಲವೋ ತಿಳಿಯದು. ಅವನು ಬೇರೆ ಕಡೆ ನೋಡುತ್ತ, “ಅಡ್ಡ ಕುಯ್ಯೋ ಗೈಡು ಒಂದು ನೋಡ್ಬೇಕು ಸಾರ್, ಒಂದು ಹಳೇ ಪ್ಲೈವುಡ್ ತುಂಡು ಇದ್ರೆ ಕೊಡಿ” ಎಂದ. ಕ್ಷಮಿಸಿದ್ದೇನೆ ಎನ್ನಲಿಲ್ಲ, ಕ್ಷಮಿಸಿಲ್ಲ ಎನ್ನಲೂ ಇಲ್ಲ. ಕೆಲಸ ಬಾಕಿಯಿತ್ತು.

ಅಡ್ಡಬೇಲಿಯನ್ನು ಪರೀಕ್ಷಿಸುವ ವಿಧಾನ ಬಹಳ ಸ್ವಾರಸ್ಯಕರ. ಚೌಕನೆಯ ಪ್ಲೈವುಡ್ ತುಂಡಿನ ಒಂದು ಅಂಚನ್ನು ಕೊಯ್ಯಬೇಕು. ಕೊಯ್ದ ಅಂಚನ್ನು ಬೇಲಿಗೆ ಒರಗಿಸಿ ಪಕ್ಕದ ಅಂಚನ್ನು ಕೊಯ್ಯಬೇಕು. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತ ನಾಲ್ಕೂ ಅಂಚು ಮುಗಿದ ಮೇಲೆ, ಮೊದಲು ಕೊಯ್ದ ಅಂಚಿನಿಂದಲೇ ಐದನೆಯ ಸಲ ಒಂದು ಪಟ್ಟಿಯನ್ನು ಕೊಯ್ಯಬೇಕು. ಬೇಲಿ 90 ಡಿಗ್ರಿಯಿಂದ ಎಳ್ಳಷ್ಟು ತಪ್ಪಿದ್ದರೂ ಪ್ರತಿ ತಿರುವಿನಲ್ಲಿ ಆ ತಪ್ಪು ಕೂಡುತ್ತ ಹೋಗಿ ಐದನೆಯ ಕೊಯ್ತದಲ್ಲಿ ನಾಲ್ಕು ಪಟ್ಟಾಗಿರುತ್ತದೆ. ಪಟ್ಟಿಯ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ನಮ್ಮ ಪಟ್ಟಿಯ ಉದ್ದ 400 ಮಿಲಿಮೀಟರ್, ಎರಡು ತುದಿಗಳ ಅಗಲದ ವ್ಯತ್ಯಾಸ 0.8 ಮಿಲಿಮೀಟರ್.

ಅವನು ಇಲ್ಲಿಯವರೆಗೆ ಬಲ್ಲ. ಇಲ್ಲಿಂದ ಮುಂದೆ ಬೇಲಿಯನ್ನು ಅಂದಾಜಿನಲ್ಲಿ ತಟ್ಟಿ, ಮತ್ತೆ ಐದು ಕೊಯ್ತ ಮಾಡಿ, ಮತ್ತೆ ತಟ್ಟುವುದು ಅವನ ರೂಢಿ. “ಎಷ್ಟು ಸರಿಸಬೇಕು ಅಂತ ಒಂದೇ ಸಲಕ್ಕೆ ತಿಳಿಯೋ ಹಾಗೆ ಏನಾದ್ರೂ ಲೆಕ್ಕ ಇದೆಯಾ ಸಾರ್?” ಎಂದು ಕೇಳಿದ. ಪ್ಲೈವುಡ್ಡಿನ ಮೇಲೆಯೇ ಸೀಸದಕಡ್ಡಿಯಲ್ಲಿ ಬರೆದೆ. 0.8ನ್ನು ನಾಲ್ಕರಿಂದ ಭಾಗಿಸಿದರೆ 0.2. ಇದು 400 ಮಿಲಿಮೀಟರ್ ಉದ್ದಕ್ಕೆ ಬಂದ ತಪ್ಪು. ನಮ್ಮ ಬೇಲಿ ತಿರುಗುವ ಬಿಂದುವಿನಿಂದ ಸರಿಸುವ ತುದಿಗೆ 600 ಮಿಲಿಮೀಟರ್. ಸಮರೂಪ ತ್ರಿಭುಜಗಳ ನಿಯಮದಂತೆ 400ಕ್ಕೆ 0.2 ಆದರೆ 600ಕ್ಕೆ 0.3. ಅವನು 0.3 ಮಿಲಿಮೀಟರಿನ ಫೀಲರ್ ಗೇಜನ್ನು ತುದಿಯಲ್ಲಿಟ್ಟು ಅಷ್ಟೇ ಸರಿಸಿ ಬಿಗಿದ. ಮತ್ತೆ ಐದು ಕೊಯ್ತ. ಕ್ಯಾಲಿಪರ್ಸಿಗೆ ಎರಡು ತುದಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅವನು ಆ ಪ್ಲೈವುಡ್ ತುಂಡನ್ನು ಲೆಕ್ಕಸಮೇತ ಚೀಲಕ್ಕೆ ಹಾಕಿಕೊಂಡ. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯವರು ಕೊಟ್ಟ ಕಾಫಿ ಕುಡಿದು ಹೊರಟ. ಹೋಗುವ ಮುನ್ನ ಮೊಮ್ಮಗನ ಸ್ಟೂಲನ್ನು ಎತ್ತಿ ಪಕ್ಕದ ಗೋಡೆಯ ಬಳಿ, ಬ್ಲೇಡಿನ ನೇರಕ್ಕೆ ಬಾರದ ಜಾಗದಲ್ಲಿ ಇಟ್ಟ.

ಅವನಿಂದ ಕಲಿತ ಇನ್ನು ಕೆಲವು ಮಾತುಗಳನ್ನು ಸೇರಿಸುತ್ತೇನೆ. ಉದ್ದಬೇಲಿ ಮತ್ತು ಅಡ್ಡಬೇಲಿಗಳನ್ನು ಒಂದೇ ಕೊಯ್ತಕ್ಕೆ ಒಟ್ಟಿಗೆ ಬಳಸಬಾರದು. ಕತ್ತರಿಸಿದ ತುಂಡು ಬ್ಲೇಡಿಗೂ ಬೇಲಿಗೂ ನಡುವೆ ಓರೆಯಾಗಿ ಸಿಕ್ಕಿ ಹಾರುತ್ತದೆ. ಒಂದೇ ಅಳತೆಯ ಹಲವು ತುಂಡು ಬೇಕಿದ್ದರೆ ಬೇಲಿಯ ಮುಂತುದಿಗೆ, ಬ್ಲೇಡಿಗಿಂತ ಸಾಕಷ್ಟು ಈಚೆಗೆ, ಒಂದು ಮರದ ಗಟ್ಟಿಯನ್ನು ಕ್ಲ್ಯಾಂಪು ಮಾಡಿ ಅದಕ್ಕೆ ಅಳತೆ ಹಿಡಿಯಬೇಕು. ಕಿರಿದಾದ ತುಂಡನ್ನು ತಳ್ಳುಕೋಲಿನಿಂದ ತಳ್ಳಬೇಕು. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಯಾರನ್ನೂ ನಿಲ್ಲಿಸಬಾರದು. ಸಡಿಲ ತೋಳು, ಹೆಗಲ ಮೇಲಿನ ಟವೆಲ್ಲು, ಕೈಗವಸು ಕೂಡದು. ಬೆರಳು ತಗುಲಿದೊಡನೆ ಕೆಲವೇ ಸಾವಿರಾಂಶ ಸೆಕೆಂಡುಗಳಲ್ಲಿ ಬ್ಲೇಡನ್ನು ನಿಲ್ಲಿಸುವ ಯಂತ್ರವನ್ನು ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ರೂಪಿಸಿದರು; ‘ಸಾಸ್ಟಾಪ್’ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಅದು ಬೆರಳನ್ನು ಉಳಿಸಬಲ್ಲುದು. ಹಾರುವ ಮರವನ್ನು ಅದೂ ತಡೆಯದು. ಅದಕ್ಕೆ ಬೇಲಿಯೇ ಸರಿಯಾಗಿರಬೇಕು.

ಕಪಾಟು ಆ ವರ್ಷದ ದೀಪಾವಳಿಯ ಹೊತ್ತಿಗೆ ಮುಗಿಯಿತು. ಹಳದಿಯಾಗಿದ್ದ ಹಲಸಿನ ಹಲಗೆ ಈಗ ಕಂದುಬಣ್ಣಕ್ಕೆ ತಿರುಗುತ್ತಿದೆ. ಬಾಗಿಲಿನ ಹಲಗೆಯ ಮೇಲಿನ ಪೆಟ್ಟಿನ ಗುರುತನ್ನು ಮುಚ್ಚಿಸಿಲ್ಲ. ಪ್ರತಿ ಸಲ ಕೆಲಸ ಆರಂಭಿಸುವ ಮುನ್ನ ಬೇಲಿಯನ್ನು ಮುಂದೆಯೂ ಹಿಂದೆಯೂ ಅಳೆಯುತ್ತೇನೆ, ಎರಡು ನಿಮಿಷ ಹಿಡಿಯುತ್ತದೆ. ಮೊಮ್ಮಗ ಬಂದಾಗ ಅವನ ಕೈಯಲ್ಲಿ ಕ್ಯಾಲಿಪರ್ಸ್ ಕೊಟ್ಟು ಅಳೆಸುತ್ತೇನೆ. “ಹಿಂದೆ ಯಾಕಜ್ಜ ಅಳೀಬೇಕು, ಮುಂದೆ ಸರಿ ಇದೆಯಲ್ಲ?” ಎಂದು ಅವನು ಕೇಳಿದಾಗ ಈಗ ನನ್ನಲ್ಲಿ ಉತ್ತರವಿದೆ.

ಬೇಲಿ ಡೊಂಕಾದರೆ ಬೇಲಿಗೆ ಏನೂ ಆಗುವುದಿಲ್ಲ. ಅದನ್ನು ನಂಬಿ ಒರಗಿದ ಮರಕ್ಕೆ, ಆ ಮರದ ದಾರಿಯಲ್ಲಿರುವವರಿಗೆ ಪೆಟ್ಟು ಬೀಳುತ್ತದೆ. ಮೂವತ್ತೈದು ವರ್ಷ ನಾನೂ ಒಂದು ಬೇಲಿಯಾಗಿದ್ದೆ. ಸಾವಿರಾರು ಮಕ್ಕಳು ನನಗೆ ಒರಗಿ ಮುಂದೆ ಸಾಗಿದ್ದಾರೆ. ಬಹುಪಾಲು ಜನ ನೇರವಾಗಿಯೇ ಹೋದರು ಎಂದು ನಂಬಿದ್ದೇನೆ. ಆದರೆ ಪ್ರತಿ ವರ್ಷ ಫಲಿತಾಂಶದ ಪಟ್ಟಿ ನೋಡಿ ನಾನು ಅಳೆದದ್ದು ಮುಂತುದಿಯನ್ನು ಮಾತ್ರ. ಹಾಜರಿ ಪುಸ್ತಕದಲ್ಲಿ ಗೆರೆ ಎಳೆದ ಹೆಸರುಗಳು ಎಷ್ಟು, ಅವುಗಳಲ್ಲಿ ನನ್ನ ಕಡೆಯಿಂದ ಆದದ್ದು ಎಷ್ಟು ಎಂದು ಹಿಂತುದಿಯಲ್ಲಿ ಅಳೆಯಲು ಆಗ ಹೋಗಲಿಲ್ಲ. ಸೇವೆಯಲ್ಲಿರುವ ಕಿರಿಯ ಶಿಕ್ಷಕ ಮಿತ್ರರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ಇನ್ನೂ ಸಮಯವಿದೆ.

ಆ ದಿನದ ನಂತರ ಅವನ ಶೆಡ್ಡಿಗೆ ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಮಾತು ಹೆಚ್ಚಿಲ್ಲ, ಮರದ ವಿಷಯ, ಮಳೆಯ ವಿಷಯ. ಅವನ ಕೆಲಸದ ಮೇಜಿನ ಮೇಲಿನ ಗೋಡೆಗೆ ನನ್ನ ಲೆಕ್ಕದ ಆ ಪ್ಲೈವುಡ್ ತುಂಡನ್ನು ಮೊಳೆ ಹೊಡೆದು ನಿಲ್ಲಿಸಿದ್ದಾನೆ. ಕೆಲಸದ ಹುಡುಗರು ಅದನ್ನು ನೋಡಿಕೊಂಡು ಬೇಲಿ ಸರಿಸುತ್ತಾರೆ. ನನ್ನ ಪಾಠ ಅವನಿಗೆ ತಲುಪಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಅವನ ಪಾಠ ನನಗೆ ತಲುಪಲು ಹಿಡಿದದ್ದೂ ಅಷ್ಟೇ.